ಆದಿಲಕ್ಷ್ಮಮ್ಮ ಕರೆಂಟು ಸೀಟು ಸರಿ ಮಾಡಿದ್ದು

ಹೊಸೂರಿನಿಂದ ಡೆಂಕಣಿಕೋಟೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಬ್ಯಾಟರಿ ಅಂಗಡಿ. ಅದರ ಪಕ್ಕದ ಶೆಡ್ಡನ್ನು ಒಬ್ಬ ಹೆಂಗಸು ಹಿಡಿದಿದ್ದಾಳೆ, ಕಾರುಗಳ ವೈರಿಂಗ್ ಕೆಲಸ ಮಾಡುತ್ತಾಳಂತೆ ಎಂದು ಕೇಳಿದಾಗ ನಾನು ನಕ್ಕಿದ್ದೆ. ಎರಡು ಸಾವಿರದ ಎರಡನೇ ಇಸವಿಯ ಮಾತು. ನಕ್ಕಿದ್ದನ್ನು ಈಗ ಒಪ್ಪಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಆ ರಸ್ತೆಯಲ್ಲಿ ಆಗ ನಗದೆ ಇದ್ದ ಗಂಡಸು ಯಾರಿದ್ದ? ಮೂರು ತಿಂಗಳು ಕಳೆಯುವಷ್ಟರಲ್ಲಿ ಹೊಸ ಬ್ಯಾಟರಿ ಬೇಕೆಂದು ನನ್ನಲ್ಲಿಗೆ ಬಂದವರನ್ನು ಆಕೆ ದಾರಿಯಲ್ಲೇ ತಡೆದು, ಬ್ಯಾಟರಿಗೇನೂ ಆಗಿಲ್ಲ, ಟರ್ಮಿನಲ್ಲಿನ ತುಕ್ಕು ಉಜ್ಜಿಕೊಂಡು ಹೋಗಿ ಎಂದು ಕಳಿಸತೊಡಗಿದಳು. ಆಗ ನಗು ನಿಂತು ಸಿಟ್ಟು ಬಂತು. ಆ ಸಿಟ್ಟು ಇಳಿದು ಗೌರವ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ನಾನು ಸ್ವಲ್ಪ ನಿಧಾನದ ಮನುಷ್ಯ.

ಆಕೆಯ ಹೆಸರು ಆದಿಲಕ್ಷ್ಮಮ್ಮ. ತಂದೆ ಮಾಲೂರಿನ ಕಡೆಯವರು. ಹೊಸೂರಿನಲ್ಲಿ ಕಾರ್ಖಾನೆಗಳು ಏಳತೊಡಗಿದ ಕಾಲಕ್ಕೆ ಗೇಟು ಕಾಯುವ ಕೆಲಸ ಹಿಡಿದು ಸಂಸಾರ ಕಟ್ಟಿಕೊಂಡು ಇಲ್ಲಿಗೆ ಬಂದವರು. ಮಗಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಎದುರುಮನೆಯವರ ಜೊತೆ ತೆಲುಗು ಆಡಿಕೊಂಡು ಬೆಳೆದಳು. ಹತ್ತನೇ ತರಗತಿ ಮುಗಿದದ್ದೇ ಕಾರುಗಳಿಗೆ ವೈರಿನ ಕಟ್ಟು ತಯಾರಿಸುವ ಕಂಪನಿಯೊಂದಕ್ಕೆ ಸೇರಿದಳು. ಕಾರಿನ ಮೈಯೊಳಗೆ ನರಗಳ ಹಾಗೆ ಹರಡಿರುತ್ತದಲ್ಲ, ಆ ಕಟ್ಟು. ಬೆಸೆದ ಒಂದೊಂದು ವೈರನ್ನೂ ಮೆಲ್ಲಗೆ ಎಳೆದು, ಗಟ್ಟಿಯಾಗಿದೆಯೋ ಇಲ್ಲವೋ ನೋಡಿ ಮುಂದಕ್ಕೆ ಬಿಡುವುದು ಆಕೆಯ ಕೆಲಸ. ಹದಿಮೂರು ವರ್ಷ ನಿಂತೇ ಎಳೆದಳು. ಕೊನೆಕೊನೆಗೆ ಕಣ್ಣು ಮುಚ್ಚಿದ್ದರೂ ಯಾವುದು ಸಡಿಲ ಎಂದು ಬೆರಳೇ ಹೇಳುತ್ತಿತ್ತಂತೆ. ಕಂಪನಿ ಬೇರೆ ಊರಿಗೆ ಹೋದಾಗ ಅರವತ್ತು ಜನ ಹೆಂಗಸರು ಮನೆಗೆ ಹೋದರು. ಈಕೆ ಮಾತ್ರ ಮನೆಗೆ ಹೋಗದೆ ನನ್ನ ಪಕ್ಕಕ್ಕೆ ಬಂದಳು.

ಗಂಡ ಶ್ಯಾಮಣ್ಣ ಲೇತ್ ಕೆಲಸದವನು, ಪಾಳಿಯ ಮೇಲೆ ಹೋಗುವವನು. ಹೆಂಡತಿ ಅಂಗಡಿಗೆ ಬಂದರೆ ಅಡಿಗೆ ಅವನದೇ. ಅವನು ಮಾಡಿ ಕಳಿಸುವ ಹುರುಳಿಕಾಳಿನ ಸಾರನ್ನು ನಾನು ಎಷ್ಟೋ ಸಲ ಉಂಡಿದ್ದೇನೆ. 'ನಿನ್ನ ಗಂಡ ಲೇತ್ ಬಿಟ್ಟು ಹೋಟೆಲ್ ಇಡೋದು ವಾಸಿ' ಎಂದು ನಾನು ಛೇಡಿಸಿದರೆ, ಅವನು ಹೋಟೆಲ್ ಇಟ್ಟರೆ ನಿನಗೆ ಪುಕ್ಕಟೆ ಊಟ ತಪ್ಪುತ್ತದೆ ಎಂದು ಆಕೆ ಬಾಯಿ ಮುಚ್ಚಿಸುತ್ತಿದ್ದಳು.

ಆಕೆಯ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ದೋಷ ಎಲ್ಲಿಂದ ಬಂತೆಂದು ತಿಳಿದರೆ, ಅದನ್ನು ಮಾಡಿದವರಿಗೆ ಹೇಳಿಯೇ ಹೇಳುವಳು. ಆದರೆ ಅವರ ಕಿವಿಗೆ ಮಾತ್ರ, ಬೇರೆಯವರೆದುರು ಆಡುತ್ತಿರಲಿಲ್ಲ. ಯಾಕೆ ಹೀಗೆ ಎಂದು ಒಂದು ದಿನ ಕೇಳಿದೆ. ಕಂಪನಿಯಲ್ಲಿ ಗಂಗರತ್ನಮ್ಮ ಎಂಬ ಗೆಳತಿ ಇದ್ದಳಂತೆ. ಅವಳು ಬೆಸೆದದ್ದು ಆಗಾಗ ಸಡಿಲ ಬರುತ್ತಿತ್ತು. ಬೈಸಿಕೊಳ್ಳುತ್ತಾಳೆ ಪಾಪ ಎಂದು ಆದಿಲಕ್ಷ್ಮಮ್ಮ ಅವಳಿಗೂ ತಿಳಿಯದ ಹಾಗೆ ತಾನೇ ಮತ್ತೆ ಬೆಸೆದು ಮುಂದೆ ಬಿಡುತ್ತಿದ್ದಳು. ಎರಡು ವರ್ಷ ಹಾಗೇ ನಡೆಯಿತು. ಈಕೆ ಜ್ವರ ಬಂದು ನಾಲ್ಕು ದಿನ ಮನೆಯಲ್ಲಿ ಮಲಗಿದಾಗ ಗಂಗರತ್ನಮ್ಮನ ಕೆಲಸವೆಲ್ಲ ಬಯಲಾಗಿ, ಅವಳನ್ನು ಮನೆಗೆ ಕಳಿಸಿದರು. ಹೋಗುವಾಗ ಅವಳು, ನನ್ನ ಕೈ ಕೆಟ್ಟದ್ದೆಂದು ನೀನೊಂದು ಮಾತು ಹೇಳಿದ್ದರೆ ನಾನು ಕಲಿಯುತ್ತಿರಲಿಲ್ಲವಾ ಎಂದು ಅತ್ತಳಂತೆ. ಇದನ್ನು ಹೇಳುವಾಗ ಆದಿಲಕ್ಷ್ಮಮ್ಮ ನನ್ನ ಮುಖ ನೋಡಲಿಲ್ಲ.

ಎರಡು ಸಾವಿರದ ಆರು, ಫೆಬ್ರವರಿಯ ಮೊದಲ ವಾರ, ಮಂಗಳವಾರ. ಗುಮ್ಮಳಾಪುರದ ಹತ್ತಿರದ ಹಳ್ಳಿಯಿಂದ ಚಿರಂಜೀವಿ ಎಂಬ ಯುವಕ ಬೈಕಿನಲ್ಲಿ ಬಂದ. ಗುಲಾಬಿ ಬೆಳೆಯುವವನು. ಆ ತಿಂಗಳು ನಮ್ಮ ಕಡೆ ಗುಲಾಬಿಯವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಹದಿನಾಲ್ಕನೇ ತಾರೀಖಿನೊಳಗೆ ಹೂವೆಲ್ಲ ವಿಮಾನ ಹತ್ತಬೇಕು. ಅವನ ಫೋನು ನಿಮಿಷಕ್ಕೊಮ್ಮೆ ಅರಚುತ್ತಿತ್ತು. ತಮಿಳಿನಲ್ಲಿ ಒಬ್ಬರಿಗೆ ಬೈದು, ತೆಲುಗಿನಲ್ಲಿ ಇನ್ನೊಬ್ಬರನ್ನು ಬೇಡಿಕೊಂಡು, ಕನ್ನಡದಲ್ಲಿ ನಮಗೆ ಕಥೆ ಹೇಳಿದ.

ಅವನ ತಾಯಿ ಅಂಜಿನಮ್ಮನಿಗೆ ಆರು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಕಾಲು ಮಡಿಸಲು ಬರುತ್ತಿರಲಿಲ್ಲ. ಪ್ರತಿ ಗುರುವಾರ ಹೊಸೂರಿನ ಆಸ್ಪತ್ರೆಗೆ ಕರೆದೊಯ್ದು ಕಂಬಿ ಹಿಡಿಸಿ ನಡೆಸಬೇಕು. ಅದಕ್ಕೆಂದೇ ಅವನು ಹಳೆಯದೊಂದು ದೊಡ್ಡ ಕಾರು ತಂದಿದ್ದ. ಅದರ ಮುಂದಿನ ಸೀಟು ಕರೆಂಟಿನದು. ಗುಂಡಿ ಒತ್ತಿದರೆ ಹಿಂದಕ್ಕೆ ಸರಿಯುತ್ತದೆ. ಕಾಲು ನೀಡಿಕೊಂಡೇ ಕೂತು ಹೋಗಬಹುದು. ಮೂರು ವಾರದ ಹಿಂದೆ ಆ ಸೀಟು ಪೂರಾ ಮುಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಬೇರೆ ಯಾವ ಗಾಡಿಯಲ್ಲೂ ಆ ಕಾಲು ಹಿಡಿಸುವುದಿಲ್ಲ. ಮೂರು ಗುರುವಾರ ತಪ್ಪಿತು. ನಾಡಿದ್ದು ಗುರುವಾರವೂ ತಪ್ಪಿದರೆ ಮಂಡಿ ಮರದ ಹಾಗೆ ಬಿಗಿದುಕೊಳ್ಳುತ್ತದೆ, ಆಮೇಲೆ ನಡೆಯುವ ಮಾತು ಬಿಡಿ ಎಂದು ಡಾಕ್ಟರು ಹೇಳಿದ್ದರು.

ಮೊದಲ ಗ್ಯಾರೇಜಿನವನು ಫ್ಯೂಸು ಹೋಗಿದೆ ಎಂದು ಬದಲಾಯಿಸಿದ. ಎರಡು ಸಲ ಒತ್ತುವಷ್ಟರಲ್ಲಿ ಅದೂ ಸುಟ್ಟಿತು. ಎರಡನೆಯವನು ಗುಂಡಿಯನ್ನೇ ಬದಲಾಯಿಸಿದ. ಮೂರನೆಯವನು ಕೃಷ್ಣಗಿರಿಯವನು, ಮೋಟರು ಸತ್ತಿದೆ, 'ಸೀಟೇ ಮಾತ್ತಣುಂ ಸಾರ್' ಎಂದುಬಿಟ್ಟ. ಬದಲಿ ಸೀಟು ಹೊರದೇಶದಿಂದ ಬರಲು ಎರಡು ತಿಂಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದುಕೊಂಡೆ, ಆದರೆ ಬಾಯಿ ಬಿಡಲಿಲ್ಲ. ನನಗೂ ಏನೆಂದು ಗೊತ್ತಿರಲಿಲ್ಲವಲ್ಲ.

ಕಾರನ್ನು ಇಲ್ಲಿಗೇ ಎಳೆಸಿಕೊಂಡು ತರಲೇ ಎಂದು ಅವನು ಕೇಳಿದ. ಬೇಡ, ಕಾರು ಎಲ್ಲಿ ನಿಲ್ಲುತ್ತದೆ, ಅದರಲ್ಲಿ ಯಾರು ಕೂರುತ್ತಾರೆ ಎಂದು ನಾನು ನೋಡಬೇಕು ಎಂದಳು ಆದಿಲಕ್ಷ್ಮಮ್ಮ. ಒತ್ತಿ ಒತ್ತಿ ಕಾರಿನ ಬ್ಯಾಟರಿಯೂ ಇಳಿದುಹೋಗಿತ್ತು. ಹಾಗಾಗಿ ಒಂದು ಬ್ಯಾಟರಿ ಹೊತ್ತುಕೊಂಡು ನನ್ನ ವ್ಯಾನಿನಲ್ಲಿ ನಾನೂ ಹೊರಡಬೇಕಾಯಿತು. ತಳಿ ಊರು ದಾಟುವವರೆಗೂ ಗೊಣಗಿದೆ. ಆಕೆ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ಅಂಜಿನಮ್ಮ ಜಗಲಿಯ ಮೇಲೆ ಗಾಲಿಕುರ್ಚಿಯಲ್ಲಿ ಕೂತಿದ್ದರು. ಬಲಗಾಲು ಮುಂದಕ್ಕೆ ನೀಡಿ ಒಂದು ಮಣೆಯ ಮೇಲೆ ಇಟ್ಟಿತ್ತು. ಮಾತು ನಿಧಾನ, ಒಂದು ಪದ ಹುಡುಕಿ ತಂದು ಆಡಿ, ಮುಂದಿನದನ್ನು ಹುಡುಕಲು ಹೋಗುವರು. ಆದಿಲಕ್ಷ್ಮಮ್ಮ ಕಾರಿನ ಕಡೆ ಹೋಗದೆ ಮೊದಲು ಅವರ ಪಕ್ಕ ಕೂತಳು. ಯಾವ ಕಾಲು ಮೊದಲು ಒಳಗಿಡುತ್ತೀರಿ, ಯಾವ ಕೈಯಲ್ಲಿ ಗುಂಡಿ ಒತ್ತುತ್ತೀರಿ ಎಂದೆಲ್ಲ ಕೇಳಿದಳು. ಗುಂಡಿ ಬಾಗಿಲಿನ ಕಡೆ ಇದ್ದದ್ದರಿಂದ ಎಡಗೈಯಲ್ಲಿ ತಾವೇ ಒತ್ತಿಕೊಳ್ಳುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ಅರಳಿತು. ಆರು ತಿಂಗಳಲ್ಲಿ ಯಾರ ಕೈಯೂ ಹಿಡಿಯದೆ ಅವರು ಮಾಡುತ್ತಿದ್ದದ್ದು ಅದೊಂದೇ ಕೆಲಸ.

ಕಾರು ನಿಲ್ಲುತ್ತಿದ್ದದ್ದು ಹಳೆಯ ಕೊಟ್ಟಿಗೆಯಲ್ಲಿ. ಎತ್ತುಗಳನ್ನು ಕೊಟ್ಟು ಎರಡು ವರ್ಷವಾಗಿತ್ತು. ಅಟ್ಟದ ಮೇಲೆ ಮಾತ್ರ ಇನ್ನೂ ರಾಗಿಹುಲ್ಲು ಒಟ್ಟಿದ್ದರು. ಅದರ ಹೊಟ್ಟು ಉದುರಿ ಕಾರಿನ ಮೇಲೆಲ್ಲ ಕೂತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಅಂಜಿನಮ್ಮನ ಗಂಡ ರಾಮಕೃಷ್ಣಪ್ಪ ನಿಂತಿದ್ದರು. ಎಪ್ಪತ್ತು ದಾಟಿದವರು, ಎತ್ತರದ ಆಳು. ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. 'ಅಪ್ಪಾ, ನೀನು ಈಚೆ ಬಾ, ಏನೂ ಮುಟ್ಬ್ಯಾಡ' ಎಂದು ಚಿರಂಜೀವಿ ಹೇಳಿದ ಧಾಟಿಯಲ್ಲೇ, ಅದು ದಿನಾ ಹೇಳುವ ಮಾತೆಂದು ತಿಳಿಯಿತು. ಅಷ್ಟರಲ್ಲಿ ಫೋನು ಬಂತು, ಅವನು ಹೂವು ಬೆಳೆಯುವ ಹಸಿರುಮನೆಯ ಕಡೆ ಓಡಿದ.

ನಾನು ಬ್ಯಾಟರಿ ಕೂರಿಸಿದೆ. ಆದಿಲಕ್ಷ್ಮಮ್ಮ ಹೊಸ ಫ್ಯೂಸು ಹಾಕಿ, ಆ ಇಕ್ಕಟ್ಟಿನಲ್ಲೇ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಸೀಟಿನಲ್ಲಿ ಕೂತಳು. ಕಾರಿನ ಚಾವಣಿಯ ಚಿಕ್ಕ ದೀಪ ಹಚ್ಚಿದಳು. ಆಮೇಲೆ ಗುಂಡಿಯನ್ನು ಒಂದೇ ಕ್ಷಣ ಒತ್ತಿ ಬಿಟ್ಟಳು. ಸೀಟು ಅಲುಗಲಿಲ್ಲ. ಮತ್ತೆ ಒತ್ತಿದಳು.

"ಕದಿರಪ್ಪಣ್ಣ, ಮೇಗಡೆ ದೀಪ ನೋಡು" ಎಂದು ನನಗೆ ಹೇಳಿದಳು.

ಒತ್ತಿದಾಗ ದೀಪ ಮಂಕಾಗುತ್ತಿತ್ತು, ಬಿಟ್ಟಾಗ ಮೊದಲಿನಂತಾಗುತ್ತಿತ್ತು. ದೀಪ ಮಂಕಾಗುತ್ತದೆಂದರೆ ಕರೆಂಟು ಮೋಟರಿನ ತನಕ ಹೋಗುತ್ತಿದೆ ಎಂದರ್ಥ. ಮೋಟರು ಸತ್ತಿಲ್ಲ, ಜೀವ ತೇದು ಎಳೆಯುತ್ತಿದೆ. ಎಳೆಯಲಾರದೆ ಎಳೆಯುವುದಕ್ಕೇ ಫ್ಯೂಸು ಸುಡುತ್ತಿದೆ. ಮೂರು ಗ್ಯಾರೇಜಿನವರೂ ಕರೆಂಟಿನ ಸೀಟೆಂದು ಕರೆಂಟನ್ನೇ ಹುಡುಕಿದ್ದರು. ಸೀಟಿಗೆ ಜಾರುವ ಕಾಲೂ ಇದೆ ಎನ್ನುವುದನ್ನು ಮರೆತಿದ್ದರು. ಆಕೆ ಇದನ್ನು ನನಗೆ ಬಿಡಿಸಿ ಹೇಳುತ್ತಿದ್ದಾಗ, ಬಾಗಿಲ ಬಳಿಯಿಂದ ರಾಮಕೃಷ್ಣಪ್ಪ ತಮಗೆ ತಾವೇ ಎಂಬಂತೆ, ಹಾಗಾದರೆ ಅಚ್ಚು ಕಚ್ಚಿಕೊಂಡಿದೆ ಎಂದರು. ಎಂದವರೇ ನಾಲಿಗೆ ಕಚ್ಚಿಕೊಂಡರು.

ಆದಿಲಕ್ಷ್ಮಮ್ಮ ಅವರತ್ತ ಒಮ್ಮೆ ನೋಡಿದಳು. ಬ್ಯಾಟರಿಯ ಒಂದು ಕಡೆಯ ವೈರು ತೆಗೆಸಿದಳು, ಕೈಚೀಲದಿಂದ ತಾನು ಕುಂಕುಮ ಇಟ್ಟುಕೊಳ್ಳುವ ಕನ್ನಡಿ ತೆಗೆದು ಸೀಟಿನ ಅಡಿಗೆ ಹಿಡಿದಳು, ಟಾರ್ಚಿನ ಬೆಳಕು ಬಿಟ್ಟಳು. ಸೀಟು ಜಾರುವ ಕಂಬಿಗಳೆರಡರ ತುಂಬ ಕರಿ ಮೇಣದಂಥದ್ದು ಕಟ್ಟಿಕೊಂಡಿತ್ತು. ಅದರಲ್ಲಿ ರಾಗಿಹುಲ್ಲಿನ ಹೊಟ್ಟು ಸಿಕ್ಕಿಕೊಂಡು ಗಾರೆಯ ಹಾಗೆ ಬಿಗಿದಿತ್ತು. ಆಕೆ ಬೆರಳಲ್ಲಿ ಒಂಚೂರು ಕೆರೆದು ಮೂಸಿ, ನನ್ನ ಮೂಗಿನ ಬಳಿ ಹಿಡಿದಳು.

ಆ ವಾಸನೆ ನನಗೆ ಗೊತ್ತಿಲ್ಲದೆ ಏನು? ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಎತ್ತಿನಗಾಡಿಯ ಅಚ್ಚಿಗೆ ಹಚ್ಚುವುದು. ನಮ್ಮ ತಾತನ ಗಾಡಿಯ ಅಡಿಯಲ್ಲೂ ಅದರದೊಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಮರದ ಗಾಲಿಗೆ ಅಮೃತ, ಸಣ್ಣ ಹಲ್ಲಿನ ಕಬ್ಬಿಣದ ಕಂಬಿಗೆ ಅಂಟು. ಯಾವನಯ್ಯಾ ಕಾರಿಗೆ ಕೀಲೆಣ್ಣೆ ಹಾಕಿದವನು ಎಂದು ನಾನು ಕೂಗುವುದರಲ್ಲಿದ್ದೆ. ಆಕೆ ನನ್ನ ಪಾದ ತುಳಿದಳು. ಮೆಲ್ಲಗಲ್ಲ, ಬಲವಾಗಿಯೇ.

ಆಮೇಲೆ ಎದ್ದು, ಯಜಮಾನರೇ, ಸೀಮೆಎಣ್ಣೆ ಇದೆಯಾ ಎಂದು ಕೇಳಿದಳು. ಅವರು ತಂದುಕೊಟ್ಟಾಗ ಪಕ್ಕಕ್ಕೆ ಕರೆದು, ಕರಿ ಹತ್ತಿದ ಬೆರಳನ್ನು ತೋರಿಸಿದಳು. ಬೈಯಲಿಲ್ಲ. ಸೀಟು ನಿಂತದ್ದು ಇದರಿಂದ, ತೊಳೆದರೆ ಹೋಗುತ್ತದೆ, ಮೋಟರಿಗೆ ಏನೂ ಆಗಿಲ್ಲ ಎಂದಷ್ಟೇ ಹೇಳಿದಳು.

ಮುದುಕರು ಅಲ್ಲೇ ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟರು. ಸಂಕ್ರಾಂತಿಯ ಮಾರನೆಯ ದಿನ ಮಾಡಿದ್ದಂತೆ. ಸೀಟು ಹಿಂದಕ್ಕೆ ಹೋಗುವಾಗ ಕಿರ್ರೆಂದು ಕೂಗುತ್ತಿತ್ತು. ಲಕ್ವ ಹೊಡೆದ ಮೇಲೆ ಅಂಜಿನಮ್ಮ ಸಣ್ಣ ಸದ್ದಿಗೂ ಬೆಚ್ಚುವರು. ಸೀಟು ಕೂಗಿದಾಗಲೆಲ್ಲ ಕಣ್ಣು ಮುಚ್ಚಿ ತುಟಿ ಕಚ್ಚುವರು. ಅದನ್ನು ನೋಡಲಾರದೆ, ಮಗ ಇಲ್ಲದ ಹೊತ್ತು, ಅಟ್ಟದಲ್ಲಿದ್ದ ಗೊಟ್ಟ ಇಳಿಸಿ, ಹೊಸದಾಗಿ ಕರಿ ಸುಟ್ಟು ಕಲಸಿ ಹಚ್ಚಿದ್ದರು. ಎರಡು ದಿನ ಸದ್ದು ನಿಂತಿತು. ಮೂರನೆಯ ದಿನ ಸೀಟೇ ನಿಂತಿತು.

"ಮಗ ಬೈದ್ರೆ ಬೈಲಿ ಕಣವ್ವ. ಅವ್ಳಿಗ್ ಮಾತ್ರ ಹೇಳ್ಬ್ಯಾಡ. ಮೂರ್ ವಾರ ಅವ್ಳ ಕಾಲು ನನ್ನಿಂದ ಹಾಳಾಯ್ತು" ಎಂದರು. ಅಷ್ಟು ಎತ್ತರದ ಮನುಷ್ಯ ಅಷ್ಟು ಸಣ್ಣಗೆ ಕೂತಿದ್ದರು.

ಆದಿಲಕ್ಷ್ಮಮ್ಮ ಬೆರಳಿಗೆ ಹತ್ತಿದ ಕರಿಯನ್ನೇ ನೋಡಿಕೊಂಡಳು. ಗಂಗರತ್ನಮ್ಮ ನೆನಪಾಗಿದ್ದಳೆಂದು ನಾನು ಈಗಲೂ ನಂಬಿದ್ದೇನೆ. "ನಾನಾಗಿ ಯಾರಿಗೂ ಹೇಳಾಕಿಲ್ಲ. ಕೇಳಿದ್ರೆ ಸುಳ್ಳೂ ಹೇಳಾಕಿಲ್ಲ. ಹೇಳಾದು ಬಿಡಾದು ನಿಮ್ದು" ಎಂದಳು. ನನಗೆ ಸಿಟ್ಟು ಬಂತು. ಒಂದು ಸುಳ್ಳು ಹೇಳಿದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಮನಸ್ಸಿನಲ್ಲೇ ಬೈದೆ.

ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಸೀಳು. ಕಂಬಿಯ ಸಂದುಸಂದನ್ನೂ ನೆನೆಸಿ, ಕೆರೆದು, ಒರೆಸಿ, ಬ್ಯಾಟರಿಯ ವೈರು ಮತ್ತೆ ಕೊಟ್ಟು, ಒಂದೊಂದು ಕ್ಷಣ ಮಾತ್ರ ಗುಂಡಿ ಒತ್ತಿ ನೋಡುವುದು. ಜಾಸ್ತಿ ಒತ್ತಿದರೆ ಫ್ಯೂಸು ಮತ್ತೆ ಸುಡುತ್ತದೆ. ಮೊದಲ ಸಲ ಸೀಟು ಒಂದು ಬೆರಳಿನಷ್ಟು ಹಿಂದೆ ಸರಿಯಿತು. ಸರಿದಷ್ಟು ಜಾಗ ಮತ್ತೆ ತೊಳೆಯುವುದು. ರಾಮಕೃಷ್ಣಪ್ಪ ಯಾವಾಗ ಬಂದು ನನ್ನ ಕೈಯಿಂದ ಬ್ರಷ್ಷು ತೆಗೆದುಕೊಂಡರೋ ನನಗೆ ಗೊತ್ತಾಗಲಿಲ್ಲ. ಆ ದೊಡ್ಡ ಬೆರಳುಗಳು ಸಂದುಗಳಲ್ಲಿ ನನಗಿಂತ ಚೆನ್ನಾಗಿ ಆಡಿದವು. ಕೊನೆಗೆ ಸೀಟು ಪೂರಾ ಹಿಂದಕ್ಕೆ ಹೋಗಿ, ಪೂರಾ ಮುಂದಕ್ಕೆ ಬಂತು. ಸೀಟಿನಡಿಯ ವೈರುಗಳನ್ನೆಲ್ಲ ಆದಿಲಕ್ಷ್ಮಮ್ಮ ಒಂದೊಂದಾಗಿ ಎಳೆದು ನೋಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಚಿರಂಜೀವಿ ಬಂದ. ಕಾರನ್ನು ಅಂಗಳಕ್ಕೆ ತಂದು, ಅಂಜಿನಮ್ಮನನ್ನು ಕುರ್ಚಿಯಿಂದ ಸೀಟಿಗೆ ಕೂರಿಸಿದೆವು. ಅವರು ಎಡಗೈಯಿಂದ ಗುಂಡಿ ತಡಕಿ ಒತ್ತಿದರು. ಸೀಟು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು, ಬಿಗಿದ ಕಾಲು ಒಳಗೆ ಹಿಡಿಸಿತು. ಅವರು ಮತ್ತೊಮ್ಮೆ ಮುಂದಕ್ಕೆ ಬಂದು ಮತ್ತೆ ಹಿಂದಕ್ಕೆ ಹೋದರು, ಸುಮ್ಮನೆ, ಖುಷಿಗೆ. ಚಿರಂಜೀವಿ ದೇವರಿಗೆ ಕೈ ಮುಗಿದ ಹಾಗೆ ಆದಿಲಕ್ಷ್ಮಮ್ಮನಿಗೆ ಮುಗಿದ. ಏನಾಗಿತ್ತಕ್ಕಾ ಎಂದು ಕೇಳಿದ.

ಆಕೆ ಕೈ ಒರೆಸಿಕೊಳ್ಳುತ್ತ ನಿಂತಳು. ಆ ಕೈಯಲ್ಲಿ ಒರೆಸುವಂಥದ್ದು ಇನ್ನೇನೂ ಉಳಿದಿರಲಿಲ್ಲ. ರಾಮಕೃಷ್ಣಪ್ಪ ಮುಂದೆ ಬಂದರು. ಮಗನ ಕಡೆ ನೋಡಲೇ ಇಲ್ಲ. ಕಾರಿನ ಬಾಗಿಲು ಹಿಡಿದು, ಬಗ್ಗಿ, ಹೆಂಡತಿಗೆ ಹೇಳಿದರು.

"ನಾನೇ ಕಣೆ. ಸದ್ದು ನಿಲ್ಲಲಿ ಅಂತ ಕೀಲೆಣ್ಣೆ ಹಚ್ಬುಟ್ಟೆ. ಅದ್ಕೇ ನಿಂತಿದ್ದು."

ಅಂಜಿನಮ್ಮ ಅವರ ಮುಖ ನೋಡಿದರು. ಪದ ಹುಡುಕಿಕೊಂಡರು.

"ಗೊತ್ತು. ವಾಸ್ನೆ ಬರಾಕಿಲ್ವಾ ನಂಗೆ."

ಗೊತ್ತಿದ್ದೂ ಮೂರು ವಾರ ಯಾಕೆ ಬಾಯಿ ಬಿಡಲಿಲ್ಲ, ನಿನ್ನ ಕಾಲಿನ ಗತಿ ಏನಾಗಬೇಕಿತ್ತು ಎಂದು ರಾಮಕೃಷ್ಣಪ್ಪ ಕೇಳಿದರು. ಅಂಜಿನಮ್ಮ ಬಹಳ ಹೊತ್ತು ತೆಗೆದುಕೊಂಡರು.

"ಎತ್ತು ಹೋದ್ ಮ್ಯಾಕೆ... ನಿನ್ ಮೊಕ್ದಾಗೆ ಕಳೆ ನೋಡಿದ್ದು... ಅವತ್ತೇ. ಕರಿ ಕಲಸ್ತಾ... ಗುನುಗ್ತಿದ್ದೆ. ಹೇಳಿದ್ರೆ... ಇನ್ನೊಂದ್ ಕೆಲ್ಸ ಮುಟ್ಟಾಕಿಲ್ಲ ನೀನು. ಕಾಲು... ಇವತ್ತಿಲ್ದಿದ್ರೆ ನಾಳೆ ಬತ್ತದೆ."

ನನಗೆ ಕಣ್ಣು ತುಂಬಿತು. ಆದಿಲಕ್ಷ್ಮಮ್ಮ ನನ್ನ ವ್ಯಾನಿನ ಹಿಂದೆ ಹೋಗಿ ನಿಂತಳು. ಬರುವಾಗ ಅವಳ ಮೂಗೂ ಕೆಂಪಾಗಿತ್ತು. ಏನಮ್ಮಾ, ಸೀಮೆಎಣ್ಣೆ ಘಾಟಾ ಎಂದು ಕೇಳಿದೆ. ಹೌದು, ನಿನಗೂ ಅದೇ ಇರಬೇಕು ಎಂದಳು. ತನ್ನ ಚೀಲದಿಂದ ಬಿಳಿ ಗ್ರೀಸಿನ ಡಬ್ಬಿ ತೆಗೆದು ರಾಮಕೃಷ್ಣಪ್ಪನ ಕೈಗೆ ಕೊಟ್ಟಳು. ಹರಳೆಣ್ಣೆ ಬೇಡ, ಇದನ್ನು ಮೂರು ತಿಂಗಳಿಗೊಮ್ಮೆ ತೆಳ್ಳಗೆ ಸವರಬೇಕು, ಈಗಿನದನ್ನು ನೀವೇ ಸವರಿ ಎಂದಳು. ಅವರು ಪಂಚೆ ಎತ್ತಿ ಕಟ್ಟಿ, ಹೆಂಡತಿಯ ಕಾಲಿನ ಹತ್ತಿರ ಮಂಡಿಯೂರಿ ಕೂತು, ಕಂಬಿಗೆ ಗ್ರೀಸು ಸವರತೊಡಗಿದರು.

ಚಿರಂಜೀವಿಯ ಫೋನು ಮತ್ತೆ ಅರಚಿತು. ಅವನು ಅದರ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿದ. ಅಪ್ಪನಿಗೆ ಏನೋ ಹೇಳಲು ಬಾಯಿ ತೆರೆದ; ಬೈಯುತ್ತಾನೆಂದೇ ನಾನು ಎಣಿಸಿದೆ. ಅವನು ಆದಿಲಕ್ಷ್ಮಮ್ಮನ ಕೈಯಿಂದ ಟಾರ್ಚು ಇಸಿದುಕೊಂಡು, ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕೂತು, ಸೀಟಿನಡಿಗೆ ಬೆಳಕು ಹಿಡಿದ.

"ಅಪ್ಪಾ, ಈ ಮೂಲೆ ಬಿಟ್ಟೋಯ್ತು ನೋಡು" ಎಂದ. "ಇಲ್ಲಿ ಒಸಿ ಹಚ್ಚು."